ಬಾವುಟದ ಸಾಲು ದಾಟಿ ಹೊಂಗೆ ಮರದ ಕಡೆ ಹೋಗಿ

ಅಂಕ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರೂವರೆ. ಅದರಲ್ಲಿ ಮೂರು ಒಂದು ಹೊಂಗೆ ಮರದ ಕೆಳಗೆ ನಡೆದದ್ದಕ್ಕೆ, ಉಳಿದ ಅರ್ಧ ಮೋಮೋಗೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಅಂಕ ಕೊಡುವುದರಲ್ಲಿ ನನ್ನ ಕೈ ಸ್ವಲ್ಪ ಬಿಗಿ ಅಂತ ಮಕ್ಕಳು ಆಗಲೂ ಹೇಳುತ್ತಿದ್ದರು.

ವಿಷಯ ಇಷ್ಟು. ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಫೆಬ್ರವರಿಯ ಎರಡನೇ ಶನಿವಾರ ಹೊರದೇಶದ, ಹೊರರಾಜ್ಯದ ವಿದ್ಯಾರ್ಥಿಗಳೆಲ್ಲ ಸೇರಿ ತಮ್ಮ ತಮ್ಮ ಊಟ, ಉಡುಪು, ಹಾಡು, ಕುಣಿತ ತೋರಿಸುವ ಹಬ್ಬ ಇತ್ತು. ಹತ್ತು ಗಂಟೆಯ ನಂತರ ಸಾರ್ವಜನಿಕರಿಗೂ ಪ್ರವೇಶ, ಟಿಕೆಟ್ ಇಲ್ಲ. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ. ಮೈಸೂರಿನಲ್ಲಿ ವಿಶ್ವವಿದ್ಯಾಲಯಗಳಿಗೇನು ಬರ ಇಲ್ಲ, ಊಹೆ ಮಾಡಲು ಹೋಗಬೇಡಿ. ನಮ್ಮ ಮಹಡಿ ಮನೆಯ ಹುಡುಗಿ ಇನ್ನೂ ಅಲ್ಲಿ ಪಿಎಚ್‌ಡಿ ಮುಗಿಸಬೇಕು. ನನ್ನ ಬಾಯಿಂದ ಅವಳಿಗೆ ತೊಂದರೆ ಆಗಬಾರದು.

ಆ ಹುಡುಗಿ ಇಥಿಯೋಪಿಯಾದವಳು, ಜಿಮ್ಮಾ ಕಡೆಯವಳು. ಸರಸ್ವತಿಪುರಂನ ನಮ್ಮ ಮಹಡಿಗೆ ಬಂದು ಮೂರು ವರ್ಷ ಆಯಿತು. ಮನೆ ಕೊಟ್ಟಾಗ ಎದುರು ಮನೆಯವರು ‘ಅವರಿಗಾ ಕೊಡ್ತಿದೀರಾ?’ ಅಂತ ಧ್ವನಿ ಇಳಿಸಿ ಕೇಳಿದ್ದರು. ಹೂಂ, ಅವರಿಗೇ ಅಂದೆ. ಅವಳು ಕಲಿತ ಮೊದಲ ಕನ್ನಡ ವಾಕ್ಯ ‘ಆಂಟಿ, ನೀರು ಬಂತಾ?’ ಎಂಬುದು. ನಲ್ಲಿ ನೀರಿನ ಸಮಯ ಗೊತ್ತಿಲ್ಲದೆ ಮೈಸೂರಿನಲ್ಲಿ ಬದುಕುವುದು ಹೇಗೆ, ಅಲ್ವಾ? ಈಗ ಎದುರು ಮನೆಯವರೇ ಮೋಟಾರ್ ಹಾಕಲು ಮರೆತಾಗ ಅವಳನ್ನು ಕೂಗುತ್ತಾರೆ.

ಅವಳ ಜೊತೆ ಗಡಿಯಾರದ ಗಲಾಟೆ ಮೊದಲ ತಿಂಗಳೇ ಆಗಿತ್ತು. ‘ನಾಳೆ ಎರಡು ಗಂಟೆಗೆ ಬಾಡಿಗೆ ಕೊಡ್ತೀನಿ ಆಂಟಿ’ ಅಂದಳು. ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲು ತಟ್ಟಿದಳು. ಅವರ ಊರಿನಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. ನಮ್ಮ ಅಜ್ಜ ಪಂಚಾಂಗ ನೋಡುವಾಗ ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದದ್ದು ನೆನಪಾಯಿತು. ಅವರ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯ ತಿಂಗಳಿಗೆ ಐದೋ ಆರೋ ದಿನ. ನಮಗೂ ಅಧಿಕಮಾಸ ಬಂದರೆ ಹದಿಮೂರೇ, ಆದ್ದರಿಂದ ನಾನು ಜಾಸ್ತಿ ಆಶ್ಚರ್ಯಪಡಲಿಲ್ಲ.

ಹಬ್ಬದ ದಿನ ನಮ್ಮ ಅಜ್ಜನ ಗಡಿಯಾರವೂ ಅಲ್ಲ, ಅವಳ ಗಡಿಯಾರವೂ ಅಲ್ಲ. ಹತ್ತಕ್ಕೆ ಉದ್ಘಾಟನೆ ಅಂತ ಕಾರ್ಡ್, ದೀಪ ಹೊತ್ತಿದ್ದು ಹನ್ನೊಂದೂ ಕಾಲಿಗೆ. ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ, ನಾನೇ ಎಣಿಸಿದೆ. ಹದಿನಾಲ್ಕು ಜನಕ್ಕೂ ಹಾರ, ಶಾಲು, ಹಣ್ಣಿನ ಬುಟ್ಟಿ. ಆ ಹದಿನಾಲ್ಕರಲ್ಲಿ ಒಬ್ಬ ಹೊರದೇಶದ ವಿದ್ಯಾರ್ಥಿಯೂ ಇಲ್ಲ. ಅವರು ಎಲ್ಲಿದ್ದರು? ತಮ್ಮ ತಮ್ಮ ರೇಷ್ಮೆ, ಜರಿ, ಉಣ್ಣೆಯ ಉಡುಪು ತೊಟ್ಟು, ಕೈಯಲ್ಲಿ ಬಾವುಟ ಹಿಡಿದು, ವೇದಿಕೆ ಪಕ್ಕ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಭೂತಾನ್ ಹುಡುಗನೊಬ್ಬ ಮಂಡಿವರೆಗಿನ ದಪ್ಪ ‘ಘೋ’ ತೊಟ್ಟಿದ್ದ. ಹಿಮಾಲಯದ ಚಳಿಗೆ ನೇಯ್ದ ಬಟ್ಟೆ ಅದು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಪಕ್ಕದಲ್ಲಿದ್ದವಳು ತನ್ನ ದೇಶದ ಬಾವುಟವನ್ನೇ ಬೀಸಣಿಗೆ ಮಾಡಿ ಅವನಿಗೆ ಸ್ವಲ್ಪ ಗಾಳಿ ಹಾಕಿದಳು. ಯಾವ ದೇಶದ ಬಾವುಟ ಅಂತ ಹೇಳುವುದಿಲ್ಲ, ಅವಮಾನ ಅಂತ ಯಾರಾದರೂ ದೂರು ಕೊಟ್ಟಾರು.

ಭಾಷಣಗಳಲ್ಲಿ ಒಂದು ಮಾತ್ರ ಕೇಳುವಂತಿತ್ತು. ಶಿಕ್ಷಣ ಶಾಸ್ತ್ರದ ಒಬ್ಬರು ಬಹುಸಂಸ್ಕೃತಿ ಶಿಕ್ಷಣದ ಬಗ್ಗೆ ಮಾತಾಡಿದರು. ಅಮೆರಿಕದ ಜೇಮ್ಸ್ ಬ್ಯಾಂಕ್ಸ್ ಎಂಬ ಶಿಕ್ಷಣ ತಜ್ಞರು ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾರಂತೆ. ಮೊದಲನೆಯದು ಹಬ್ಬ, ಮಹಾಪುರುಷರು, ಊಟ, ಉಡುಪು ಇಷ್ಟನ್ನು ತೋರಿಸಿ ಮುಗಿಸುವುದು. ಎರಡನೆಯದು ಇದ್ದ ಪಾಠವನ್ನು ಹಾಗೇ ಇಟ್ಟು, ಬೇರೆಯವರ ಬಗ್ಗೆ ಒಂದು ಅಧ್ಯಾಯ ಸೇರಿಸುವುದು. ಮೂರನೆಯದು ಪಾಠವನ್ನೇ ತಿರುಗಿಸಿ, ಅದೇ ಘಟನೆ ಅವರ ಕಣ್ಣಿಗೆ ಹೇಗೆ ಕಂಡಿತು ಅಂತ ನೋಡುವುದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ಕೈಗೆ ಚೀಟಿ ಬಂತು. ಸಮಯ ಆಯಿತಂತೆ. ವೇದಿಕೆ ಮೇಲಿದ್ದ ಇನ್ನೂ ಆರು ಜನ ಮಾತಾಡಬೇಕಿತ್ತು. ನಾಲ್ಕನೇ ಮೆಟ್ಟಿಲು ಕಲಿತದ್ದನ್ನು ಹಿಡಿದು ಏನಾದರೂ ಬದಲಾಯಿಸಲು ಹೊರಡುವುದು ಅಂತ ಆಮೇಲೆ ನನ್ನ ಮಗಳಿಂದ ತಿಳಿಯಿತು. ಅವಳದು ಎಂ.ಎಡ್ ಆಗಿದೆ. ‘ನಿಮ್ಮ ಹಬ್ಬ ಯಾವ ಮೆಟ್ಟಿಲಲ್ಲಿತ್ತು ಅಮ್ಮ?’ ಅಂತ ಫೋನಿನಲ್ಲಿ ಕೇಳಿದಳು. ಮೆಟ್ಟಿಲು ಹತ್ತುವ ಮೊದಲು ಚಪ್ಪಲಿ ಬಿಡುತ್ತಾರಲ್ಲ, ಅಲ್ಲಿ ಅಂದೆ.

ಇನ್ನೊಂದು ಮಾತು. ಇಡೀ ಕಾರ್ಯಕ್ರಮ ಇಂಗ್ಲಿಷಿನಲ್ಲಿ. ಎಲ್ಲೆಲ್ಲಿಯವರೋ ಬಂದಿದ್ದಾರೆ, ಇಂಗ್ಲಿಷ್ ಬೇಕು, ಒಪ್ಪಿದೆ. ಆದರೆ ಬೆಳಗ್ಗಿನಿಂದ ಮೈಕಿನಲ್ಲಿ ಕೇಳಿದ ಕನ್ನಡ ಒಂದೇ. ‘ಕೆಎ 09 ಬಿಳಿ ಕಾರಿನವರು ದಯವಿಟ್ಟು ಗಾಡಿ ತೆಗೆಯಿರಿ, ಗೇಟಿಗೆ ಅಡ್ಡ ನಿಲ್ಲಿಸಿದ್ದೀರಿ.’ ಕಾವಲಿನವರು, ಕಸ ಗುಡಿಸುವವರು, ಶಾಮಿಯಾನ ಹಾಕಿದವರು ಎಲ್ಲ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಕೂರಲು ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ.

ಮಳಿಗೆಗಳಿಗೆ ಬರೋಣ. ಮೈದಾನದ ಎರಡೂ ಕಡೆ ಸಾಲು. ಎಡಕ್ಕೆ ‘ಭಾರತ’, ಬಲಕ್ಕೆ ‘ವಿದೇಶ’. ಪ್ರತಿ ಮಳಿಗೆಗೂ ಒಂದು ಮೇಜು, ಒಂದು ಬಾವುಟ, ಒಂದು ಪ್ಲಗ್ ಪಾಯಿಂಟ್. ತಿನ್ನಬೇಕು ಅಂದರೆ ಮೊದಲು ಕೂಪನ್ ಕೊಳ್ಳಬೇಕು, ಕಡಿಮೆ ಅಂದರೆ ಇನ್ನೂರು ರೂಪಾಯಿಗೆ. ಉಳಿದದ್ದು ವಾಪಸ್ ಇಲ್ಲ. ಇಪ್ಪತ್ತರ ಎರಡು ಕೂಪನ್ ಇನ್ನೂ ನನ್ನ ಪರ್ಸಿನಲ್ಲಿವೆ. ಇದಕ್ಕೆ ಅರ್ಧ ಅಂಕ ಕಡಿತ. ಫೋನ್ ತೋರಿಸಿ ತಳ್ಳುಗಾಡಿಯವರಿಗೆ ದುಡ್ಡು ಕೊಡುವ ಕಾಲದಲ್ಲಿ ಈ ಕಾಗದದ ಚೂರು ಯಾಕೋ.

ಬಲಗಡೆ ಸಾಲಿನ ಮೊದಲನೆಯದೇ ಟಿಬೆಟಿನ ಮಳಿಗೆ. ತರಕಾರಿ ಮೋಮೋ, ಆರಕ್ಕೆ ಅರವತ್ತು ರೂಪಾಯಿ. ಹಿಟ್ಟು ತೆಳ್ಳಗೆ, ಒಳಗೆ ಎಲೆಕೋಸು ಇನ್ನೂ ಕರುಂ ಕುರುಂ ಅನ್ನುತ್ತಿತ್ತು. ಕೆಂಪು ಚಟ್ನಿ ತಿಂದ ಮೇಲೆ ಮೂಗು ಒರೆಸಿಕೊಳ್ಳಲೇಬೇಕು. ‘ಖಾರ ಜಾಸ್ತಿ ಹಾಕ್ಲಾ ಅಮ್ಮ? ಆಮೇಲೆ ಬೈಬಾರ್ದು’ ಅಂದ ಹುಡುಗ. ನನ್ನ ಹಿಂದೆ ನಿಂತಿದ್ದ ಒಬ್ಬರು ಬಲು ಖುಷಿಯಿಂದ, ‘ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಪ್ಪ! ಎಷ್ಟು ವರ್ಷ ಆಯ್ತು ಬಂದು?’ ಅಂತ ಕೇಳಿದರು. ಅವನು ಮೋಮೋ ತಟ್ಟೆಗೆ ಹಾಕುತ್ತಲೇ ‘ಬಂದಿಲ್ಲ ಸಾರ್. ಪಿರಿಯಾಪಟ್ಟಣ ತಾಲ್ಲೂಕಲ್ಲೇ ಹುಟ್ಟಿದ್ದು’ ಅಂದ. ಬೈಲಕುಪ್ಪೆಯವನು. 1960ರ ದಶಕದ ಆರಂಭದಲ್ಲಿ ಅಲ್ಲಿ ಕಾಡು ಕಡಿದು ನೆಲೆ ನಿಂತವರ ಮೂರನೇ ತಲೆ. ಅಜ್ಜ ಜೋಳ ಬೆಳೆದ ಹೊಲ ಮೈಸೂರು ಜಿಲ್ಲೆಯದೇ. ಆದರೂ ಹುಡುಗ ನಿಂತಿದ್ದು ‘ವಿದೇಶ’ದ ಸಾಲಿನಲ್ಲಿ. ಎಡಗಡೆ ಸಾಲಿನಲ್ಲಿ ನಿಲ್ಲಿಸಿದ್ದರೂ ಅವನಿಗೆ ಒಪ್ಪಿಗೆ ಇರುತ್ತಿತ್ತೋ ಇಲ್ಲವೋ, ಕೇಳಬೇಕು ಅಂದುಕೊಂಡೆ. ಹಿಂದೆ ಜನ ಇದ್ದರು. ಚಟ್ನಿ ಬೇರೆ ಕಣ್ಣಲ್ಲಿ ನೀರು ತರಿಸಿತ್ತು.

ನನಗೆ ನಿಜವಾಗಿ ಬೇಕಾಗಿದ್ದದ್ದು ನಮ್ಮ ಹುಡುಗಿಯ ಕಾಫಿ. ಎರಡು ವಾರದಿಂದ ಮನೆಯಲ್ಲಿ ಅದೇ ಸುದ್ದಿ. ಇಥಿಯೋಪಿಯಾದಲ್ಲಿ ಕಾಫಿ ಅಂದರೆ ಲೋಟಕ್ಕೆ ಬಗ್ಗಿಸಿ ಕೊಟ್ಟು ಕಳಿಸುವುದಲ್ಲ. ಹಸಿ ಬೀಜ ತೊಳೆದು, ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡಬೇಕು. ಬಂದವರು ಮೂರೂ ಸುತ್ತು ಕೂರಬೇಕು. ಅದಕ್ಕಾಗಿ ನನ್ನ ಕಬ್ಬಿಣದ ಬಾಣಲೆ, ಅತ್ತೆಯ ಕಾಲದ ಚಿಕ್ಕ ಕಲ್ಲಿನ ಒರಳು, ಇದ್ದಿಲ ಅಗ್ಗಿಷ್ಟಿಕೆ ಮೂರನ್ನೂ ಕೇಳಿ ಇಟ್ಟುಕೊಂಡಿದ್ದಳು. ದೇವರಾಜ ಮಾರುಕಟ್ಟೆಯಿಂದ ಸಾಂಬ್ರಾಣಿ ತಂದಿದ್ದಳು. ನೆಲಕ್ಕೆ ಹಸಿ ಹುಲ್ಲು ಹಾಸಬೇಕಂತೆ, ನಮ್ಮ ಹಿತ್ತಲಿನ ಗರಿಕೆಯನ್ನೆಲ್ಲ ಕಿತ್ತುಕೊಂಡು ಹೋಗಿದ್ದಳು. ಗಣೇಶನಿಗೆ ಅಂತ ಬಿಟ್ಟಿದ್ದ ಗರಿಕೆ. ಹೋಗಲಿ, ಚೌತಿಗೆ ಇನ್ನೂ ಏಳು ತಿಂಗಳಿದೆ.

ಆದರೆ ಬಲಗಡೆ ಸಾಲಿನಲ್ಲಿ ಇಥಿಯೋಪಿಯಾದ ಬಾವುಟ ಇತ್ತು, ಮೇಜಿತ್ತು, ಕಾಫಿ ಇರಲಿಲ್ಲ. ಶಾಮಿಯಾನದ ಕೆಳಗೆ ಬೆಂಕಿ ಹಚ್ಚಬಾರದು ಅಂತ ಬೆಳಗ್ಗೆ ಹೇಳಿದರಂತೆ. ಅದು ಸರಿಯಾದ ಮಾತೇ, ಬಟ್ಟೆಯ ಶಾಮಿಯಾನ. ಅದರ ಬದಲಿಗೆ ಕೊಟ್ಟಿದ್ದು ಇಂಡಕ್ಷನ್ ಒಲೆ. ಮಣ್ಣಿನ ಹೂಜಿಯನ್ನು ಇಂಡಕ್ಷನ್ ಮೇಲೆ ಇಟ್ಟರೆ ಸಂಜೆವರೆಗೂ ತಣ್ಣಗೇ ಇರುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ. ತಳ ದುಂಡಗಿರುವ ಬಾಣಲೆ ಅದರ ಮೇಲೆ ಕೂರುವುದೂ ಇಲ್ಲ. ಎರಡು ವಾರದ ತಯಾರಿ. ಅವಳ ಕಣ್ಣು ತುಂಬಿತ್ತಂತೆ. ಅಲ್ಲಿ ಗುಡಿಸುತ್ತಿದ್ದ ಹೆಂಗಸೊಬ್ಬರು, ನಂಜನಗೂಡಿನ ಕಡೆಯವರು, ‘ಅದ್ಯಾಕವ್ವಾ ಅಳ್ತೀಯ, ನಮ್ ಕಡೀಕ್ ಬಾ’ ಅಂತ ಕ್ಯಾಂಟೀನಿನ ಹಿಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಹೊಂಗೆ ಮರ. ಅವರೆಲ್ಲ ಮಧ್ಯಾಹ್ನ ಬುತ್ತಿ ಬಿಚ್ಚುವ ಜಾಗ. ಹೀಗೆ ಇಡೀ ಹಬ್ಬದ ಒಳ್ಳೆಯ ಮಳಿಗೆ ನಕ್ಷೆಯಲ್ಲೇ ಇಲ್ಲದ ಜಾಗಕ್ಕೆ ಹೋಯಿತು. ಸಾಂಬ್ರಾಣಿ ಹೊಗೆ ಹಿಡಿದುಕೊಂಡು ಹುಡುಕಿ ಹೋದೆ.

ನೆಲಕ್ಕೆ ಗರಿಕೆ ಹಾಸಿತ್ತು. ಬಿಳಿ ಹತ್ತಿ ಬಟ್ಟೆ, ಅಂಚಿಗೆ ಬಣ್ಣದ ನೇಯ್ಗೆ, ಆ ಉಡುಪಿನಲ್ಲೇ ಅವಳು ಚಿಕ್ಕ ಮಣೆ ಮೇಲೆ ಕೂತಿದ್ದಳು. ಬಾಣಲೆಯಲ್ಲಿ ಬೀಜ ಹಸಿರಿನಿಂದ ಹಳದಿ, ಹಳದಿಯಿಂದ ಕಂದು ಆಗುವವರೆಗೆ ಕೈ ನಿಲ್ಲಿಸಲಿಲ್ಲ. ಬೀಜ ಚಟಪಟ ಅಂದು ಎಣ್ಣೆ ಬಿಟ್ಟ ಮೇಲೆ ಬಾಣಲೆ ಎತ್ತಿಕೊಂಡು ಒಬ್ಬೊಬ್ಬರ ಮುಂದೆಯೂ ತಂದಳು. ಹೊಗೆಯನ್ನು ಕೈಯಿಂದ ನಮ್ಮ ಕಡೆ ತಳ್ಳಿದಳು. ನಾವು ಮಂಗಳಾರತಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ ಕೈ ಚಾಚಿ ತೆಗೆದುಕೊಳ್ಳಬೇಕು. ನಂಜನಗೂಡಿನ ಹೆಂಗಸು ಹಾಗೇ ಮಾಡಿದರು, ಕಣ್ಣಿಗೂ ಒತ್ತಿಕೊಂಡರು. ಹುಡುಗಿ ನಗಲಿಲ್ಲ, ತಲೆ ಬಾಗಿಸಿದಳು. ಆಮೇಲೆ ಕುಟ್ಟುವ ಕೆಲಸ. ಅದನ್ನು ಆ ಹೆಂಗಸೇ ಕಿತ್ತುಕೊಂಡರು. ‘ನಿಂಗೆ ಕುಟ್ಟಕ್ ಬರಕಿಲ್ಲ ಬುಡು’ ಅಂದರು. ನಿಜ ಹೇಳಬೇಕಂದರೆ ಇಬ್ಬರೂ ಚೆನ್ನಾಗಿಯೇ ಕುಟ್ಟಿದರು.

ಹೂಜಿಗೆ ‘ಜೆಬೆನಾ’ ಅನ್ನುತ್ತಾರೆ. ಕಪ್ಪು ಮಣ್ಣಿನದು, ದುಂಡನೆಯ ಹೊಟ್ಟೆ, ಉದ್ದ ಕತ್ತು. ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ‘ಸಿನಿ’. ಒಂದು ಅಡಿ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿದಳು, ಹನಿ ಆಚೆ ಈಚೆ ಹೋಗಲಿಲ್ಲ. ಜೊತೆಗೆ ತಿನ್ನಲು ಜೋಳದ ಅರಳು. ಮೊದಲ ಸುತ್ತಿನ ಹೆಸರು ‘ಅಬೋಲ್’, ಗಟ್ಟಿ. ಅದೇ ಗಸಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ‘ತೋನಾ’. ಮೂರನೆಯದು ‘ಬರಕಾ’, ಅಂದರೆ ಆಶೀರ್ವಾದ. ಅಷ್ಟರಲ್ಲಿ ಕಾಫಿ ತೆಳ್ಳಗಾಗಿರುತ್ತದೆ, ಮಾತು ಗಟ್ಟಿಯಾಗಿರುತ್ತದೆ.

ನಮ್ಮ ಮನೆಯವರ ಬಗ್ಗೆ ಇಲ್ಲಿ ಹೇಳಲೇಬೇಕು. ಆಲ್ದೂರಿನವರು. ಬ್ಯಾಂಕ್ ಕೆಲಸಕ್ಕೆ ಮೈಸೂರಿಗೆ ಬಂದರೂ ಕಾಫಿ ವಿಷಯದಲ್ಲಿ ಇನ್ನೂ ತೋಟದವರೇ. ಪೀಬೆರಿ ಇಷ್ಟು, ಪ್ಲಾಂಟೇಷನ್ ಎ ಇಷ್ಟು ಅಂತ ಎದುರು ನಿಂತು ಪುಡಿ ಮಾಡಿಸುವವರು. ‘ಹಾಲಿಲ್ಲದ ಕಾಫಿ ಜ್ವರ ಬಂದವರಿಗೆ’ ಅನ್ನುವುದು ಅವರ ಮಾತು. ಮೊದಲ ಬಟ್ಟಲು ಮುಖ ಗಂಟಿಕ್ಕಿಕೊಂಡು ಕುಡಿದರು. ಎರಡನೆಯದಕ್ಕೆ ಗಂಟು ಸಡಿಲಾಯಿತು. ‘ಇದು ನಮ್ಮ ಅಜ್ಜಿ ಬಾಣಲೆಯಲ್ಲಿ ಹುರಿಯುತ್ತಿದ್ದ ಕಾಫಿ ವಾಸನೆ ಕಣೇ’ ಅಂದರು. ಆಮೇಲೆ ಬಾಬಾ ಬುಡನ್ ಕತೆ ಶುರು ಮಾಡಿದರು. ಹದಿನೇಳನೇ ಶತಮಾನದಲ್ಲಿ ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಕತೆ. ಚಿಕ್ಕಮಗಳೂರಿನವರು ಯಾರಾದರೂ ಸಿಕ್ಕರೆ ಈ ಕತೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹುಡುಗಿ ಬಟ್ಟಲು ತೊಳೆಯುತ್ತಾ ಕೇಳಿಸಿಕೊಂಡಳು. ಕೊನೆಗೆ ‘ಅಂಕಲ್, ಯೆಮೆನ್‌ಗೆ ಯಾರು ಕೊಟ್ರು?’ ಅಂದಳು. ಕಾಫಿ ಗಿಡ ಕಾಡಿನಲ್ಲಿ ತಾನಾಗಿ ಹುಟ್ಟಿ ಬೆಳೆದಿರುವುದು ಅವಳ ಊರಿನ ಕಡೆಯ ಬೆಟ್ಟಗಳಲ್ಲಿ, ಕಾಫಾ ಎಂಬ ಸೀಮೆಯಲ್ಲಿ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮೆನ್‌ಗೆ, ಯೆಮೆನ್ನಿನಿಂದ ನಮ್ಮ ಗಿರಿಗೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಯೆಮೆನ್ ಹುಡುಗ, ‘ನಮ್ಮ ಮಳಿಗೆಯಲ್ಲಿ ಕಿಶರ್ ಇದೆ, ತರ್ತೀನಿ ಇರಿ’ ಅಂತ ಎದ್ದು ಹೋಗಿ ಥರ್ಮಾಸ್ ತಂದ. ಕಿಶರ್ ಅಂದರೆ ಕಾಫಿ ಹಣ್ಣಿನ ಒಣಗಿದ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ ಪಾನೀಯ. ಹೊಂಬಣ್ಣ. ನಮ್ಮ ಶುಂಠಿ ಕಷಾಯಕ್ಕೆ ಒಣದ್ರಾಕ್ಷಿ ಹಾಕಿದ ಹಾಗೆ ರುಚಿ. ನಮ್ಮ ಮನೆಯವರು ಬಟ್ಟಲನ್ನು ದಿಟ್ಟಿಸಿ, ‘ಇದನ್ನ ನಾವು ಗೊಬ್ಬರದ ಗುಂಡಿಗೆ ಹಾಕ್ತಿದ್ದೆವಲ್ಲಪ್ಪ!’ ಅಂದರು. ಯೆಮೆನ್ ಹುಡುಗ ನಕ್ಕು, ಬೀಜ ಮಾರಿ ಸಿಪ್ಪೆ ಕುಡಿಯುತ್ತಿದ್ದ ತನ್ನ ತಾತನ ಕತೆ ಹೇಳಿದ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವ ನಾಡಿನವರು, ಗಿಡ ಹುಟ್ಟಿದ ನಾಡಿನವಳು, ನಡುವೆ ದಾಟಿಸಿದ ನಾಡಿನವನು ಮೂವರೂ ಒಂದೇ ಚಾಪೆ ಮೇಲೆ. ಮೈದಾನದ ಸಾಲಿನಲ್ಲಿ ಈ ಮೂರು ಮಳಿಗೆಗಳ ನಡುವೆ ಹನ್ನೊಂದು ಬಾವುಟ ಇದ್ದವು.

ಬುತ್ತಿ ಬಿಚ್ಚುವ ಹೊತ್ತಾಗಿತ್ತು. ನಂಜನಗೂಡಿನ ಹೆಂಗಸು ಮುದ್ದೆ, ಹುರುಳಿ ಸಾರು ತೆಗೆದರು. ನಮ್ಮ ಹುಡುಗಿಗೆ ಮುದ್ದೆ ಹೊಸದಲ್ಲ. ಅವರ ಊರಲ್ಲಿ ಬಾರ್ಲಿ ಹಿಟ್ಟಿನ ಮುದ್ದೆ ಮಾಡುತ್ತಾರೆ, ಹೆಸರು ‘ಗೆನ್ಫೊ’. ನಡುವೆ ಗುಳಿ ಮಾಡಿ ಮಸಾಲೆ ಬೆಣ್ಣೆ ತುಂಬುತ್ತಾರೆ. ರಾಗಿಯೂ ಇದೆ, ಅದಕ್ಕೆ ‘ದಾಗುಸಾ’ ಅನ್ನುತ್ತಾರೆ. ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂತು ಅಂತ. ಹೇಳಿಕೊಟ್ಟಿದ್ದೆ, ಅಷ್ಟೇ. ಆ ಹೆಂಗಸಿಗೆ ಇದನ್ನು ಹೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ರಾಗಿ ನಮ್ದೇ ಕಣವ್ವ. ಅವ್ರುಗೂ ಇರ್ಲಿ’ ಅಂದು, ಮುದ್ದೆ ಮುರಿದು ಹುಡುಗಿಯ ತಟ್ಟೆಗೆ ಹಾಕಿದರು. ಕನಕದಾಸರು ಭತ್ತದ ಎದುರು ಗೆಲ್ಲಿಸಿದ ಧಾನ್ಯ ಅದು, ವಾದಕ್ಕೆ ನಿಲ್ಲಲು ನಾನ್ಯಾರು.

ಅಲ್ಲಿಗೇ ಅವಳ ಗೆಳತಿ, ಗೊಂಡಾರ್ ಊರಿನವಳು, ಮಳಿಗೆಯಿಂದ ಇಂಜೆರಾ ತಂದಳು. ಅವರ ಊರಲ್ಲಿ ಅದನ್ನು ತೆಫ್ ಎಂಬ ಗಸಗಸೆಯಷ್ಟು ಸಣ್ಣ ಧಾನ್ಯದ ಹಿಟ್ಟಿನಲ್ಲಿ ಮಾಡುತ್ತಾರೆ. ಮೈಸೂರಿನಲ್ಲಿ ತೆಫ್ ಎಲ್ಲಿ ಸಿಗಬೇಕು, ರಾಗಿ ಅಕ್ಕಿ ಬೆರೆಸಿ ಮೂರು ದಿನ ಹುಳಿ ಬರಿಸಿದ್ದಾರೆ. ನೋಡಲು ದೊಡ್ಡ ಸೆಟ್ ದೋಸೆ, ಮೇಲೆಲ್ಲ ಕಣ್ಣು. ಹುಳಿ ಮಾತ್ರ ನಮ್ಮ ದೋಸೆಗಿಂತ ಎರಡು ಪಟ್ಟು, ಮೊದಲ ತುತ್ತಿಗೆ ಬೆಚ್ಚಿಬೀಳುತ್ತೀರಿ. ಅದರ ಮೇಲೇ ಪಲ್ಯಗಳನ್ನು ಗುಡ್ಡೆ ಗುಡ್ಡೆ ಇಟ್ಟಿರುತ್ತಾರೆ. ಕೆಂಪು ಮಸೂರ್ ಬೇಳೆಯದು ಚೆನ್ನಾಗಿತ್ತು. ‘ಶಿರೋ’ ಅಂತೂ ನಮ್ಮ ಉತ್ತರ ಕರ್ನಾಟಕದ ಝುಣಕದ ತಮ್ಮ, ಕಡಲೆ ಹಿಟ್ಟಿನದೇ. ಸಸ್ಯಾಹಾರಿಗಳಿಗೆ ಒಂದು ಮಾತು, ಹೆದರಬೇಡಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಆ ದಿನ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದ್ದರಿಂದ ಬೇಳೆ ಕಾಳಿನ ಅಡಿಗೆ ಅವರಿಗೆ ಚೆನ್ನಾಗಿ ಕೈಹಿಡಿದಿದೆ. ಗೊಂಡಾರ್ ಹುಡುಗಿ ಒಂದು ತುಂಡು ಹರಿದು, ಶಿರೋ ಸುತ್ತಿ, ನನ್ನ ಬಾಯಿಗೇ ತಂದಳು. ‘ಗುರ್ಶಾ’ ಅನ್ನುತ್ತಾರಂತೆ. ಕೈತುತ್ತು! ಅರವತ್ತೆರಡನೇ ವಯಸ್ಸಿನಲ್ಲಿ ಕ್ಯಾಂಟೀನಿನ ಹಿಂದೆ ಕೂತು ಕೈತುತ್ತು ತಿಂದೆ. ಎಂಬತ್ತು ರೂಪಾಯಿಯ ತಟ್ಟೆ, ಇಬ್ಬರಿಗೆ ಸಾಕು.

ಅವಳ ಮಳಿಗೆಯಲ್ಲಿ ಇನ್ನೊಂದು ಇತ್ತು, ಅದನ್ನು ಬಿಡಬೇಡಿ. ನಿಮ್ಮ ಹೆಸರನ್ನು ಅವರ ಲಿಪಿಯಲ್ಲಿ ಬರೆದುಕೊಡುತ್ತಾಳೆ. ನಾನು ಗೋಡೆಯ ಮೇಲಿನ ಅಕ್ಷರಮಾಲೆಯ ಮುಂದೆ ನಿಂತುಬಿಟ್ಟೆ. ಒಂದೊಂದು ವ್ಯಂಜನಕ್ಕೂ ಏಳು ರೂಪ. ಬೆ, ಬು, ಬಿ, ಬಾ, ಬೇ, ಬ್, ಬೊ. ಅಕ್ಷರ ಅದೇ, ಸ್ವರಕ್ಕೆ ತಕ್ಕ ಹಾಗೆ ಒಂದು ಕೊಂಬು, ಒಂದು ಕಾಲು, ಒಂದು ಗುಂಡಿ. ಕಾಗುಣಿತ! ‘ಇದು ನಮ್ಮ ಕಾಗುಣಿತ’ ಅಂತ ನಾನು ಕೂಗಿದ್ದು ಸ್ವಲ್ಪ ಜೋರಾಯಿತು ಅನ್ನಿಸುತ್ತದೆ. ನಮ್ಮ ಮಹಡಿ ಹುಡುಗಿ ಮಾತ್ರ ತನ್ನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾಳೆ. ಯಾಕೆ ಅಂದರೆ ಅವಳ ಮನೆಮಾತು ಒರೊಮೊ, ಅದನ್ನು ಬರೆಯುವುದು ಇಂಗ್ಲಿಷ್ ಲಿಪಿಯಲ್ಲೇ. ಗೊಂಡಾರ್ ಹುಡುಗಿಯದು ಅಮ್ಹಾರಿಕ್. ಒಂದೇ ಬಾವುಟ, ಒಂದೇ ಮೇಜು, ಎರಡು ಮನೆಮಾತು, ಎರಡು ಲಿಪಿ. ಬಾವುಟದ ಕೆಳಗಿನ ಬೋರ್ಡಿನಲ್ಲಿ ‘ಭಾಷೆ: ಇಥಿಯೋಪಿಯನ್’ ಅಂತ ಬರೆದಿದ್ದರು. ಹಾಗೊಂದು ಭಾಷೆಯೇ ಇಲ್ಲ. ನನ್ನ ಪೆನ್ನು ಕೆಂಪಲ್ಲ, ನೀಲಿ. ಇಲ್ಲದಿದ್ದರೆ ಅಲ್ಲೇ ಗೀಟು ಹಾಕಿಬಿಡುತ್ತಿದ್ದೆ.

ಮಧ್ಯಾಹ್ನದ ವೇದಿಕೆ ಕಾರ್ಯಕ್ರಮದಲ್ಲಿ ಉಡುಪಿನ ಮೆರವಣಿಗೆ ಇತ್ತು. ಅದರ ಬಗ್ಗೆ ಹೇಳುವುದು ಏನೂ ಇಲ್ಲ. ನಡೆದು ಬಂದರು, ತಿರುಗಿದರು, ಹೋದರು. ಹಾಡುಗಳಿಗೆ ಸೌಂಡ್ ಸಿಸ್ಟಮ್ ಕೈಕೊಟ್ಟಿತು. ಉತ್ತರ ಕನ್ನಡದಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಯವರ ಡಮಾಮಿ ಕುಣಿತ ಮಾತ್ರ ಮೈಕೇ ಬೇಡದಂಥದ್ದು. ಚರ್ಮದ ಆ ದೊಡ್ಡ ಡಮಾಮಿ ಬಾರಿಸಿದಾಗ ಕುರ್ಚಿಯ ಕಾಲು ಅದುರಿತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಚೀಟಿ ನೋಡದೆ, ಇದೀಗ ಆಫ್ರಿಕಾದಿಂದ ಬಂದ ನೃತ್ಯ ತಂಡ ಅಂದಳು. ತಂಡದ ಹಿರಿಯರು ಮೈಕ್ ತೆಗೆದುಕೊಂಡು ಮೆತ್ತಗೆ, ‘ನಾವು ಯಲ್ಲಾಪುರದವರು. ಬೆಳಗ್ಗೆ ಬಸ್ಸಿಗೆ ಬಂದೆವು’ ಅಂದರು. ಸಭೆ ಚಪ್ಪಾಳೆ ಹೊಡೆಯಿತು. ಯಾವುದಕ್ಕೆ ಹೊಡೆಯಿತೋ ಗೊತ್ತಾಗಲಿಲ್ಲ.

ಅವರ ಬಟ್ಟೆ ಬದಲಿಸುವ ಕೋಣೆ ಕ್ಯಾಂಟೀನಿನ ಪಕ್ಕದಲ್ಲೇ. ಹೊಗೆಯ ವಾಸನೆಗೆ ಅವರೂ ಮರದ ಕೆಳಗೆ ಬಂದರು. ಆಗ ನಡೆದದ್ದಕ್ಕೇ ನಾನು ಪೂರ್ತಿ ಒಂದು ಅಂಕ ಕೊಟ್ಟಿರುವುದು. ಸಿದ್ದಿ ಹೆಂಗಸೊಬ್ಬಳು ನಮ್ಮ ಹುಡುಗಿಯ ಎದುರು ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದೂರದಿಂದ ಯಾರಾದರೂ ಅಕ್ಕ ತಂಗಿ ಅಂದುಕೊಳ್ಳಬೇಕು. ಇವಳಿಗೆ ಅವಳ ಕೊಂಕಣಿ ಬರುವುದಿಲ್ಲ, ಅವಳಿಗೆ ಇವಳ ಒರೊಮೊ ಬರುವುದಿಲ್ಲ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. ಉಳಿದದ್ದು ಕನ್ನಡ. ‘ಸಕ್ಕರೆ ಹಾಕ್ಲಾ ಅಕ್ಕ?’ ಅಂದಳು ನಮ್ಮವಳು. ಆ ಹೆಂಗಸು ಒಂದು ಕ್ಷಣ ಬಾಯಿ ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಮಾರಾಯ್ತಿ, ನಿಂದು ಥೇಟ್ ಮೈಸೂರು ಕನ್ನಡ!’

ಪೋರ್ಚುಗೀಸರು, ಅರಬರು ಹಡಗಿನಲ್ಲಿ ಗುಲಾಮರಾಗಿ ತಂದವರು, ಗೋವಾದಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರು ಅಂತ ಸಿದ್ದಿಯರ ಬಗ್ಗೆ ಎರಡು ಸಾಲು ಪಾಠ ಮಾಡಿದ್ದೇನೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್‌ಗೆ ಒಂದು ಸಾಲು. ಗೋಳಗುಮ್ಮಟದ ಮಹಮದ್ ಆದಿಲ್ ಶಾಹನ ಹಬ್ಶಿ, ಅಂದರೆ ಇಥಿಯೋಪಿಯಾ ಕಡೆಯ ಮೂಲದ ಮಂತ್ರಿ ಇಖ್ಲಾಸ್ ಖಾನ್‌ಗೆ ಅದೂ ಇಲ್ಲ. ಇದನ್ನೆಲ್ಲ ಮರದ ಕೆಳಗೆ ಹೇಳಲು ಹೊರಟೆ. ನಮ್ಮ ಮನೆಯವರು ಮೊಣಕೈಯಲ್ಲಿ ತಿವಿದರು. ಸುಮ್ನೆ ಕೂತೆ. ಅವರಿಬ್ಬರೂ ಆಗಲೇ ಕೂದಲಿಗೆ ಯಾವ ಎಣ್ಣೆ ಹಾಕಿದರೆ ಬಾಚಣಿಗೆ ಮುರಿಯುವುದಿಲ್ಲ ಎಂಬ ವಿಷಯಕ್ಕೆ ಹೋಗಿದ್ದರು.

ಇನ್ನೊಮ್ಮೆ ಈ ಹಬ್ಬ ನಡೆದರೆ ಹೋಗುವವರಿಗೆ ಬೇಕಾದದ್ದು ಇಷ್ಟು. ಗಾಡಿಯಲ್ಲಿ ಹೋಗಬೇಡಿ, ನಿಲ್ಲಿಸಿದ ಜಾಗದಿಂದ ಮೈದಾನಕ್ಕೆ ಒಂದು ಕಿಲೋಮೀಟರ್ ನಡಿಗೆ. ಹನ್ನೊಂದೂವರೆ ಒಳಗೆ ಹೋದರೆ ಭಾಷಣ ಸಿಗುತ್ತದೆ, ಅದು ಬೇಡ ಅಂದರೆ ಹನ್ನೆರಡೂವರೆಗೆ ಹೋಗಿ. ಕುಡಿಯುವ ನೀರು ಇತ್ತು, ಲೋಟ ಇರಲಿಲ್ಲ, ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ. ಹೆಂಗಸರ ಶೌಚಾಲಯ ಸ್ವಚ್ಛವಾಗಿತ್ತು, ಅದರ ಪುಣ್ಯ ನಂಜನಗೂಡಿನವರ ತಂಡಕ್ಕೆ. ಒಂದೊಂದು ಮಳಿಗೆಯಲ್ಲೂ ಒಂದೊಂದು ತುತ್ತು ತಿಂದು ಫೋಟೊ ಹೊಡೆದುಕೊಂಡು ಓಡಾಡಿದ ಜನವೇ ಜಾಸ್ತಿ. ಅವರಿಗೆ ಎರಡು ಗಂಟೆ ಸಾಕು. ನನಗೆ ಕೇಳಿದರೆ ಒ‍ಂದು ಮಳಿಗೆ ಆರಿಸಿಕೊಂಡು ಮೂರು ಸುತ್ತು ಕೂರುವಷ್ಟು ಹೊತ್ತು ಇಟ್ಟುಕೊಳ್ಳಿ. ಸಂಘಟಕರು ಕೇಳುವುದಾದರೆ ನನ್ನ ಬೇಡಿಕೆ ಚಾಪೆ. ಇಪ್ಪತ್ತು ಚಾಪೆ. ಹದಿನಾಲ್ಕು ಶಾಲಿಗಿಂತ ಕಡಿಮೆ ದುಡ್ಡಿಗೆ ಬರುತ್ತವೆ.

ಒರಳು, ಅಗ್ಗಿಷ್ಟಿಕೆ ಅಂದೇ ರಾತ್ರಿ ವಾಪಸ್ ಬಂದವು. ಬಾಣಲೆ ಮಾರನೇ ದಿನ ಬಂತು, ಹುಣಸೆಹಣ್ಣು ಹಾಕಿ ಉಜ್ಜಿ ತಂದಿದ್ದಳು ಪಾಪ. ನಾನೂ ಎರಡು ಸಲ ಉಜ್ಜಿದೆ. ಕಾಫಿ ವಾಸನೆ ಹೋಗಿಲ್ಲ. ಮೊನ್ನೆ ಅದರಲ್ಲೇ ಸಾಸಿವೆ ಸಿಡಿಸಿ ಉಪ್ಪಿಟ್ಟು ಮಾಡಿದೆ. ನಮ್ಮ ಮನೆಯವರು ಒಂದು ತುತ್ತು ತಿಂದು, ತಟ್ಟೆ ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಎರಡನೇ ಸಲ ಹಾಕಿಸಿಕೊಂಡರು.